ಕೃತಕ ಕಾಲಿನ ಒಳಮೆತ್ತೆ: ಬಳ್ಳಾರಿಯಲ್ಲಿ ನಾನು ಕಲಿತದ್ದು

ಕೃತಕ ಕಾಲು ಮಾಡುವ ಈ ಕೆಲಸಕ್ಕೆ ನಾನು ಬಂದು ಒಂದು ವರ್ಷ ಆಗಿತ್ತು. ಸಿರುಗುಪ್ಪ ಕಡೆಯಿಂದ ಒಬ್ಬ ಯಜಮಾನರು ಬಂದರು. ಭತ್ತದ ಗದ್ದೆ ಮಾಡುವವರು. ಬಲಗಾಲು ಮೊಣಕಾಲಿನ ಕೆಳಗೆ ತೆಗೆದಿತ್ತು. ಹಾಕಿಕೊಂಡಿದ್ದ ಕೃತಕ ಕಾಲನ್ನು ಬಿಚ್ಚಿ ನನ್ನ ಮುಂದೆ ಇಟ್ಟು, "ತಮ್ಮಾ, ಎಲುಬಿಗೆ ಭಾಳ ಒತ್ತತೈತಿ. ಒಳಗ ಸ್ವಲ್ಪ ಮೆತ್ತಗ ಮಾಡಿಕೊಡು" ಅಂದರು.

ನಾನು ಹಾಗೇ ಮಾಡಿದೆ. ಅಳತೆ ಸ್ವಲ್ಪ ದೊಡ್ಡದು ತೆಗೆದು ಹೊಸ ಸಾಕೆಟ್, ಅಂದರೆ ಕಾಲು ಒಳಗೆ ಕೂರುವ ಗಟ್ಟಿ ಬಟ್ಟಲು, ಮಾಡಿದೆ. ಒಳಗೆ ಸುತ್ತಲೂ 10 ಮಿಲಿಮೀಟರ್ ದಪ್ಪದ ಮೆತ್ತನೆಯ ಫೋಮ್ ಹಾಕಿದೆ. ಬೆರಳಲ್ಲಿ ಒತ್ತಿದರೆ ಹತ್ತಿ ಹಾಸಿಗೆ ಹಾಗೆ ಒಳಗೆ ಹೋಗುತ್ತಿತ್ತು. ಯಜಮಾನರು ನಮ್ಮ ವರಾಂಡದಲ್ಲಿ ನಾಲ್ಕು ಸುತ್ತು ನಡೆದರು. ಮುಖ ಅರಳಿತು. ನನಗೂ ಖುಷಿಯಾಯಿತು.

ಎಂಟು ದಿನಕ್ಕೆ ಅವರ ಮಗ ಅವರನ್ನು ಬೈಕಿನ ಹಿಂದೆ ಕೂರಿಸಿಕೊಂಡು ಬಂದ. ಕಾಲಿನ ತುದಿಯಲ್ಲಿ ಚರ್ಮ ಕಿತ್ತು ಹುಣ್ಣಾಗಿತ್ತು. ಹಳೆಯ ಕಾಲು ಬರೀ ಒತ್ತುತ್ತಿತ್ತು, ನಾನು ಮಾಡಿದ್ದು ಗಾಯ ಮಾಡಿತ್ತು. ಅವತ್ತು ರಾತ್ರಿ ನನಗೆ ಊಟ ಸೇರಲಿಲ್ಲ.

ಮರುದಿನ ಆ ಮೆತ್ತೆಯನ್ನು ಹೊರಗೆ ತೆಗೆದು ಉದ್ದಕ್ಕೆ ಸೀಳಿ ನೋಡಿದೆ. ಭಾರ ಬಿದ್ದ ಕಡೆ ಫೋಮ್ ಹಪ್ಪಳದ ಹಾಗೆ ಚಪ್ಪಟೆಯಾಗಿತ್ತು. ಭಾರ ಇಲ್ಲದ ಕಡೆ ಹಾಗೇ ಉಬ್ಬಿಕೊಂಡಿತ್ತು. ಅಂದರೆ ಕಾಲು ದಿನಾ ಸ್ವಲ್ಪ ಸ್ವಲ್ಪ ಕೆಳಗೆ ಇಳಿದಿದೆ. ತುದಿ ಸಾಕೆಟ್ಟಿನ ತಳಕ್ಕೆ ಬಡಿದಿದೆ. ಪ್ರತಿ ಹೆಜ್ಜೆಗೂ ಕಾಲು ಒಳಗೆ ಮೇಲೆ ಕೆಳಗೆ ಆಡಿ ಚರ್ಮ ಉಜ್ಜಿದೆ.

ನಮ್ಮದು ಚಪ್ಪಲಿ ಮಾಡುವ ಮನೆ. ಅಪ್ಪನ ಪಕ್ಕ ಕೂತು ರಂಪಿಗೆ ಹಿಡಿದು ಚರ್ಮ ಕೊಯ್ಯುವುದನ್ನು ಕಲಿತವನು ನಾನು. ಅಪ್ಪ ಒಂದು ಮಾತು ಹೇಳುತ್ತಿದ್ದರು: "ಚಪ್ಪಲಿ ಕಚ್ಚೋದು ಚರ್ಮ ಬಿರುಸು ಇದ್ದದ್ದಕ್ಕ ಅಲ್ಲ, ಒಳಗ ಕಾಲು ಜಾರೋದಕ್ಕ." ಸೀಳಿದ ಫೋಮ್ ಕೈಯಲ್ಲಿ ಹಿಡಿದು ನಿಂತಾಗ ಆ ಮಾತು ನೆನಪಾಯಿತು. ಕೃತಕ ಕಾಲು ಕಚ್ಚುವುದೂ ಹಾಗೇ.

ಇನ್ನೊಂದು ವಿಷಯವೂ ಚಪ್ಪಲಿಯಿಂದಲೇ ಬಂತು. ಪಾದದಲ್ಲಿ ಆಣಿ ಇದ್ದವರು ಬಂದರೆ ಅಪ್ಪ ಆಣಿಯ ಮೇಲೆ ಮೆತ್ತೆ ಇಡುತ್ತಿರಲಿಲ್ಲ. ಅಟ್ಟೆಯಲ್ಲಿ ಆಣಿ ಬರುವ ಜಾಗಕ್ಕೆ ಸರಿಯಾಗಿ ಒಂದು ಗುಂಡಿ ಕೊರೆಯುತ್ತಿದ್ದರು. ಸುತ್ತಲಿನ ಜಾಗ ಭಾರ ಹೊರುತ್ತಿತ್ತು, ಆಣಿ ಆರಾಮಾಗಿ ಇರುತ್ತಿತ್ತು. ಗಟ್ಟಿ ಸಾಕೆಟ್ಟಿನೊಳಗೆ ನೋಯುವ ಎಲುಬಿನ ಮೇಲೆ ಮೆತ್ತೆ ತುಂಬಿದರೆ ಅಲ್ಲಿ ಜಾಗ ಕಡಿಮೆಯಾಗಿ ಒತ್ತಡ ಇನ್ನೂ ಜಾಸ್ತಿಯಾಗುತ್ತದೆ. ಎಲುಬಿಗೆ ಜಾಗ ಬಿಡಬೇಕು, ಭಾರವನ್ನು ಪಕ್ಕಕ್ಕೆ ಕಳಿಸಬೇಕು. ಇದು ನಮ್ಮ ಪಾಠದ ಪುಸ್ತಕದಲ್ಲಿ ಮೊದಲಿಂದಲೂ ಇತ್ತು. ನಾನು ಓದಿದ್ದೆ, ಪರೀಕ್ಷೆಯಲ್ಲಿ ಬರೆದಿದ್ದೆ. ಕೈಗೆ ಬಂದದ್ದು ಮಾತ್ರ ಯಜಮಾನರ ಹುಣ್ಣು ನೋಡಿದ ಮೇಲೆ.

ಅಂಗಾಲಿನ ಚರ್ಮ ಭಾರ ಹೊರಲಿಕ್ಕೇ ಹುಟ್ಟಿದ್ದು. ದಪ್ಪ ಇರುತ್ತದೆ, ಕೆಳಗೆ ಕೊಬ್ಬಿನ ಗಟ್ಟಿ ದಿಂಬು ಇರುತ್ತದೆ. ಮೊಣಕಾಲಿನ ಕೆಳಗಿನ ಚರ್ಮ ಹಾಗಲ್ಲ. ಕಣಕಾಲಿನ ಮುಂದಿನ ಎಲುಬನ್ನು ಮುಟ್ಟಿ ನೋಡಿಕೊಳ್ಳಿ, ಎಲುಬಿಗೂ ಚರ್ಮಕ್ಕೂ ನಡುವೆ ಏನೂ ಇಲ್ಲ. ನಡೆಯುವಾಗ ಒಂದೊಂದು ಹೆಜ್ಜೆಗೂ ಆ ಕಾಲಿನ ಮೇಲೆ ಪೂರ್ತಿ ಮೈ ಭಾರ, ಅದಕ್ಕಿಂತ ಸ್ವಲ್ಪ ಜಾಸ್ತಿಯೇ ಬೀಳುತ್ತದೆ. ಅದನ್ನು ಹೊರಬಲ್ಲ ಜಾಗಗಳು ಕೆಲವೇ. ಮೊಣಕಾಲು ಚಿಪ್ಪಿನ ಕೆಳಗಿರುವ ಗಟ್ಟಿ ಪಟ್ಟಿ, ಒಳಬದಿಯಲ್ಲಿ ಎಲುಬು ಅಗಲವಾಗುವ ಜಾಗ, ಹಿಂದಿನ ಮೀನಖಂಡ. ಹೊರಲಾರದ ಜಾಗ ಕಣಕಾಲಿನ ಏಣು, ಹೊರಬದಿಯ ಸಣ್ಣ ಎಲುಬಿನ ಗಂಟು, ಕತ್ತರಿಸಿದ ಎಲುಬಿನ ತುದಿ. 1950ರ ದಶಕದ ಕೊನೆಗೆ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ರೂಪಿಸಿದ ಪಿಟಿಬಿ ಸಾಕೆಟ್ (ಚಿಪ್ಪಿನ ಕೆಳಗಿನ ಆ ಪಟ್ಟಿಯ ಮೇಲೆ ಭಾರ ಹೊರಿಸುವಂಥದ್ದು) ನಿಂತಿರುವುದು ಈ ಲೆಕ್ಕದ ಮೇಲೇ. ನಾವು ಇವತ್ತಿಗೂ ಮಾಡುವುದು ಬಹುಪಾಲು ಅದನ್ನೇ.

ಯಜಮಾನರ ಹುಣ್ಣು ಪೂರ್ತಿ ಮಾಯುವವರೆಗೆ ಕಾಲು ಹಾಕಬೇಡಿ ಅಂದೆ. ಮಾಯ್ದ ಮೇಲೆ ಮತ್ತೆ ಮೊದಲಿಂದ ಶುರು ಮಾಡಿದೆವು. ಒದ್ದೆಯಾದರೆ ನೇರಳೆ ಬಣ್ಣ ಬಿಡುವ ಒಂದು ಪೆನ್ಸಿಲ್ ಇರುತ್ತದೆ. ಕತ್ತರಿಸಿದ ಮೇಲೆ ಉಳಿದ ಕಾಲಿಗೆ ತೆಳುವಾದ ಬನಿಯನ್ ಬಟ್ಟೆ ತೊಡಿಸಿ, ನೋಯುವ ಎಲುಬುಗಳನ್ನೆಲ್ಲ ಆ ಪೆನ್ಸಿಲ್ಲಿನಲ್ಲಿ ಗುರುತು ಮಾಡಿದೆ. ಮೇಲೆ ಪ್ಲಾಸ್ಟರ್ ಪಟ್ಟಿ ಸುತ್ತಿ, ಅದು ಹಸಿ ಇರುವಾಗಲೇ ಚಿಪ್ಪಿನ ಕೆಳಗೆ ಎರಡೂ ಹೆಬ್ಬೆರಳು ಒತ್ತಿ ಹಿಡಿದೆ. ಮೊಣಕಾಲು ಸ್ವಲ್ಪ ಮಡಚಿರಬೇಕು. ಪೂರ್ತಿ ನೆಟ್ಟಗಿದ್ದರೆ ಅಳತೆ ಸುಳ್ಳಾಗುತ್ತದೆ. ಪ್ಲಾಸ್ಟರ್ ಗಟ್ಟಿಯಾದ ಮೇಲೆ ಬಿಚ್ಚಿದರೆ ನೇರಳೆ ಗುರುತು ಒಳಬದಿಗೆ ಅಂಟಿರುತ್ತದೆ. ಅದರೊಳಗೆ ಪ್ಲಾಸ್ಟರ್ ಹಾಲು ಹುಯ್ದರೆ ಕಾಲಿನದೇ ಅಚ್ಚು ಸಿಗುತ್ತದೆ, ಗುರುತೆಲ್ಲ ಅದರ ಮೇಲೆ.

ಒಳಮೆತ್ತೆಯ ನಿಜವಾದ ವಿನ್ಯಾಸ ನಡೆಯುವುದು ಈ ಅಚ್ಚಿನ ಮೇಲೆ. ಭಾರ ಹೊರುವ ಕಡೆ ಅಚ್ಚನ್ನು ಕೆರೆಯುತ್ತೇನೆ, ಸಾಕೆಟ್ ಅಲ್ಲಿ ಒಳಗೆ ಬಂದು ಕಾಲನ್ನು ಹಿಡಿಯುತ್ತದೆ. ಎಲುಬು ಇರುವ ಕಡೆ ಮೂರರಿಂದ ಐದು ಮಿಲಿಮೀಟರ್ ಪ್ಲಾಸ್ಟರ್ ಮೆತ್ತುತ್ತೇನೆ, ಅಲ್ಲಿ ಸಾಕೆಟ್ ದೂರ ನಿಲ್ಲುತ್ತದೆ. ಈ ಕೆಲಸಕ್ಕೆ ಅರ್ಧ ದಿನ ಬೇಕು. ಅವಸರ ಮಾಡಿದರೆ ಮುಂದೆ ಎಂಥಾ ದುಬಾರಿ ಮೆತ್ತೆ ತಂದರೂ ಪ್ರಯೋಜನ ಇಲ್ಲ.

ಮೆತ್ತೆಗೆ ನಾನು ಬಳಸುವುದು 5 ಮಿಲಿಮೀಟರಿನ ಪೆಲೈಟ್ ಶೀಟ್, ಅದೊಂದು ಬಗೆಯ ಪ್ಲಾಸ್ಟಿಕ್ ಫೋಮ್. ಮುಟ್ಟಿದರೆ ರಬ್ಬರ್ ಚಪ್ಪಲಿಯಷ್ಟು ಬಿಗಿ ಇರುತ್ತದೆ. ಹೊಸಬರಿಗೆ "ಇದೇನು ಇಷ್ಟು ಗಟ್ಟಿ" ಅನ್ನಿಸುತ್ತದೆ. ಆ ಬಿಗಿಯೇ ಬೇಕು. ಶೀಟನ್ನು ಶಂಕುವಿನ ಆಕಾರಕ್ಕೆ ಕತ್ತರಿಸಿ, ಎರಡೂ ಅಂಚನ್ನು ಓರೆಯಾಗಿ ಸವರಿ ಅಂಟಿಸುತ್ತೇನೆ. ಓರೆ ಸರಿಯಾಗಿ ಬರದಿದ್ದರೆ ಜೋಡಿಸಿದ ಕಡೆ ಏಣು ಬಂದು ಚರ್ಮಕ್ಕೆ ಒತ್ತುತ್ತದೆ. ಇಲ್ಲಿ ಅಪ್ಪನ ರಂಪಿಗೆಯನ್ನೇ ಬಳಸುತ್ತೇನೆ, ಮೆಷಿನ್ ಕೂಡ ಅಷ್ಟು ನಯವಾಗಿ ಸವರುವುದಿಲ್ಲ. ಆಮೇಲೆ ಸುಮಾರು 120 ಡಿಗ್ರಿಯ ಓವನ್ನಿನಲ್ಲಿ ಬಿಸಿ ಮಾಡಿ ಅಚ್ಚಿನ ಮೇಲೆ ಎಳೆದರೆ ಅದರದೇ ಆಕಾರ ತಗೊಳ್ಳುತ್ತದೆ. ತುದಿಗೆ ಮಾತ್ರ ಎಂಸಿಆರ್ ರಬ್ಬರಿನ ಸಣ್ಣ ಬಟ್ಟಲು. ಕುಷ್ಠ ಮತ್ತು ಸಕ್ಕರೆ ಕಾಯಿಲೆಯವರ ಚಪ್ಪಲಿಗೆ ಹಾಕುತ್ತಾರಲ್ವಾ, ಅದೇ ರಬ್ಬರ್. ಒತ್ತಿ ಬಿಟ್ಟರೆ ಬೇಗ ಮೊದಲಿನ ಹಾಗೆ ಆಗುತ್ತದೆ.

ತುದಿ ತಳಕ್ಕೆ ಬಡಿಯಬಾರದು, ಗಾಳಿಯಲ್ಲಿ ತೂಗಲೂಬಾರದು. ಏನೂ ತಾಗದೆ ತೂಗಿದರೆ ಅಲ್ಲಿ ರಕ್ತ ನಿಂತು ಚರ್ಮ ಕಪ್ಪಾಗಿ, ದಪ್ಪವಾಗಿ ನೀರು ಸೋರಲು ಶುರುವಾಗುತ್ತದೆ. ಇದನ್ನು ನೋಡಲು ಮಕ್ಕಳು ಆಡುವ ಕ್ಲೇಯ ಗೋಲಿಯೊಂದನ್ನು ತಳದಲ್ಲಿ ಇಟ್ಟು ಕಾಲು ಹಾಕಿಸಿ ನಿಲ್ಲಿಸುತ್ತೇನೆ. ಬಿಚ್ಚಿದಾಗ ಗೋಲಿ ದುಂಡಗೇ ಇದ್ದರೆ ತುದಿಗೆ ಏನೂ ತಾಗುತ್ತಿಲ್ಲ. ಕಾಗದದಷ್ಟು ತೆಳ್ಳಗಾಗಿದ್ದರೆ ಬಡಿಯುತ್ತಿದೆ. ನನಗೆ ಬೇಕಾದದ್ದು ಸಣ್ಣ ಬಿಸ್ಕತ್ತಿನಷ್ಟು ದಪ್ಪ.

ಈ ಸಲ ಯಜಮಾನರು ನಡೆದು ನೋಡಿ, "ಮೊದಲಿನಷ್ಟು ಮೆತ್ತಗಿಲ್ಲಲ್ಲೋ ತಮ್ಮಾ" ಅಂದರು. "ಹೌದು ಕಾಕಾ, ಒಂದು ತಿಂಗಳು ಹಾಕಿ ನೋಡ್ರಿ" ಅಂದೆ. ಅರ್ಧ ಗಂಟೆ ನಡೆಸಿ ಬಿಚ್ಚಿಸಿದೆ. ಚಿಪ್ಪಿನ ಕೆಳಗೆ ಕೆಂಪಾಗಿತ್ತು, ಹತ್ತು ನಿಮಿಷದೊಳಗೆ ಹೋಯಿತು. ಎಲುಬಿನ ಮೇಲೆ ಕೆಂಪೇ ಇರಲಿಲ್ಲ. ಹತ್ತು ನಿಮಿಷ ಆದರೂ ಕೆಂಪು ಹೋಗದಿದ್ದರೆ ನಾನು ಯಾರನ್ನೂ ಮನೆಗೆ ಕಳಿಸುವುದಿಲ್ಲ.

ನಮ್ಮ ಎರೆ ಭೂಮಿ ನೋಡಿದವರಿಗೆ ಗೊತ್ತು. ಮಳೆ ಬಂದರೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಉಳಿದ ಕಾಲೂ ಹಾಗೇ. ರಾತ್ರಿ ಬಿಚ್ಚಿಟ್ಟಾಗ ಸ್ವಲ್ಪ ಊದುತ್ತದೆ, ಹಗಲು ಸಾಕೆಟ್ಟಿನೊಳಗೆ ಒತ್ತಿ ಒತ್ತಿ ತೆಳ್ಳಗಾಗುತ್ತದೆ. ಬೆಳಿಗ್ಗೆ ಬಿಗಿಯಾಗಿದ್ದದ್ದು ಸಂಜೆಗೆ ಸಡಿಲ. ಇದಕ್ಕೆ ಮೆತ್ತೆಯಲ್ಲಿ ಉತ್ತರ ಇಲ್ಲ, ಕಾಲುಚೀಲದಲ್ಲಿದೆ. ತೆಳುವಾದ ಹತ್ತಿಯ ಚೀಲ ಎರಡು ಹೆಚ್ಚಿಗೆ ಕೊಡುತ್ತೇನೆ. ಚಿಪ್ಪಿನ ಕೆಳ ಅಂಚಿಗೆ ಸಾಕೆಟ್ ತಾಗುತ್ತಿದೆ, ತುದಿ ನೋಯುತ್ತಿದೆ ಅಂದರೆ ಕಾಲು ಇಳಿದಿದೆ ಅಂತ ಅರ್ಥ, ಆಗ ಒಂದು ಚೀಲ ಏರಿಸಿ. ಇದನ್ನು ಕಲಿತವರು ನನ್ನ ಹತ್ತಿರ ಬರುವುದೇ ಕಡಿಮೆಯಾಗುತ್ತದೆ. ಅದಕ್ಕೇ ಹತ್ತು ಸಲ ಹೇಳುತ್ತೇನೆ, ಅವರ ಕೈಯಲ್ಲೇ ಮಾಡಿಸಿ ನೋಡುತ್ತೇನೆ.

ಬಳ್ಳಾರಿಯ ಬೇಸಿಗೆ ಬೇರೆಯದೇ ಕಷ್ಟ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುತ್ತದೆ. ಪೆಲೈಟ್ ಬೆವರನ್ನು ಕುಡಿಯುವುದಿಲ್ಲ, ಗಾಳಿ ಆಡಲೂ ಬಿಡುವುದಿಲ್ಲ. ಬೆವರಿದ ಚರ್ಮ ಮೆತ್ತಗಾಗಿ ಬೇಗ ಕೀಳುತ್ತದೆ. ಮಧ್ಯಾಹ್ನ ನೆರಳಲ್ಲಿ ಕೂತು ಒಮ್ಮೆ ಕಾಲು ಬಿಚ್ಚಿ, ಒರೆಸಿ, ಒಣ ಚೀಲ ಹಾಕಿಕೊಳ್ಳಿ ಅನ್ನುತ್ತೇನೆ. ಗದ್ದೆಯಲ್ಲಿ ಕೆಲಸ ಮಾಡುವ ಯಜಮಾನರಿಗೆ ಎರಡು ಒಳಮೆತ್ತೆ ಮಾಡಿಕೊಟ್ಟೆ. ಕೆಸರು ನೀರು ಹೊಕ್ಕರೆ ಒಂದನ್ನು ತೊಳೆದು ನೆರಳಲ್ಲಿ ಒಣಗಿಸಿ, ಇನ್ನೊಂದನ್ನು ಹಾಕಿಕೊಳ್ಳುತ್ತಾರೆ. ಕೆಸರು ಕಾಲನ್ನು ಕೆಳಕ್ಕೆ ಜಗ್ಗುವುದರಿಂದ ತೊಡೆಗೆ ಕಟ್ಟುವ ಪಟ್ಟಿಯನ್ನೂ ಅಗಲ ಮಾಡಿದೆ.

ಚರ್ಮದ ಮೇಲೆ ನೇರವಾಗಿ ಏರಿಸುವ ಸಿಲಿಕೋನ್ ಲೈನರ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಐಸ್‌ಲ್ಯಾಂಡಿನ ಒಸ್ಸುರ್ ಕ್ರಿಸ್ಟಿನ್ಸನ್ ಅವರು ಅದನ್ನು 1980ರ ದಶಕದಲ್ಲಿ ಬಳಕೆಗೆ ತಂದರು. ಅವರು ಸ್ವತಃ ಕೃತಕ ಕಾಲು ಹಾಕುತ್ತಿದ್ದವರು. ಒಳ್ಳೆಯ ವಸ್ತು ಅದು. ಚರ್ಮಕ್ಕೆ ಅಂಟಿ ಕೂರುವುದರಿಂದ ಉಜ್ಜಾಟ ಕಡಿಮೆಯಾಗುತ್ತದೆ. ಎಲುಬು ಎದ್ದು ಕಾಣುವವರಿಗೆ, ಸುಟ್ಟ ಗಾಯದ ಕಲೆ ಇರುವವರಿಗೆ ಬಹಳ ಅನುಕೂಲ. ಆದರೆ ಬೆಲೆ ಜಾಸ್ತಿ, ದಿನಾ ಸೋಪಿನಲ್ಲಿ ತೊಳೆಯಲೇಬೇಕು, ನಮ್ಮ ಬಿಸಿಲಿಗೆ ಒಳಗೆ ಬೆವರು ತುಂಬಿಕೊಳ್ಳುತ್ತದೆ. ಸಾಲ ಮಾಡಿ ತರುತ್ತೇನೆ ಅಂದವರಿಗೆ ಬೇಡ ಅಂದಿದ್ದೇನೆ.

1968ರಲ್ಲಿ ಜೈಪುರ ಕಾಲು ಮಾಡಿದವರು ಡಾ. ಪಿ.ಕೆ. ಸೇಥಿ ಮತ್ತು ಕುಶಲಕರ್ಮಿ ರಾಮಚಂದ್ರ ಶರ್ಮ. ಬರಿಗಾಲಲ್ಲಿ ನಡೆಯುವ, ನೆಲದ ಮೇಲೆ ಕೂರುವ ನಮ್ಮ ಜನರನ್ನು ನೋಡಿ ಮಾಡಿದ ಕಾಲು ಅದು. ವೈದ್ಯರ ಪಕ್ಕದಲ್ಲಿ ಕೈಕೆಲಸದವರ ಹೆಸರೂ ಇರುವುದು ನನ್ನಂಥ ಮನೆಯಿಂದ ಬಂದವನಿಗೆ ದೊಡ್ಡ ಮಾತು. ಅವರ ಹಾಗೆ ನಾನೂ ಮೊದಲು ಕೇಳುವುದು ಒಂದೇ: ದಿನಾ ಎಲ್ಲಿ, ಹೇಗೆ ಕೂರುತ್ತೀರಿ?

ಆ ಪ್ರಶ್ನೆಯ ಬೆಲೆ ಗೊತ್ತಾದದ್ದು ಜೀನ್ಸ್ ಹೊಲಿಯುವ ಒಬ್ಬ ಹುಡುಗನಿಂದ. ಬಳ್ಳಾರಿಯ ಜೀನ್ಸ್ ಘಟಕಗಳಲ್ಲಿ ಬೆಳಿಗ್ಗೆಯಿಂದ ರಾತ್ರಿವರೆಗೆ ಮೆಷಿನ್ ಮುಂದೆ ಕೂತಿರಬೇಕು. ನಡೆಯುವಾಗ ಅವನಿಗೆ ಏನೂ ನೋವಿಲ್ಲ. ಕೂತರೆ ಮೊಣಕಾಲಿನ ಹಿಂದೆ ಸಾಕೆಟ್ಟಿನ ಅಂಚು ಕೊಯ್ಯುತ್ತಿತ್ತು. ನಾನು ಅಂಚಿಗೆ ಮೆತ್ತೆ ಅಂಟಿಸಿದೆ, ಇನ್ನೂ ಹೆಚ್ಚಾಯಿತು. ಕೊನೆಗೆ ಅವನ ಸ್ಟೂಲಿನ ಎತ್ತರ ಅಳೆದು, ನಮ್ಮಲ್ಲಿ ಅಷ್ಟೇ ಎತ್ತರದ ಸ್ಟೂಲಿನ ಮೇಲೆ ಕೂರಿಸಿ ಪಕ್ಕದಿಂದ ನೋಡಿದೆ. ಮೊಣಕಾಲು ಮಡಚಿದಾಗ ತೊಡೆಯಿಂದ ಇಳಿಯುವ ಎರಡು ನರದಂಥ ಹುರಿಗಳು ಎದ್ದು ಅಂಚಿಗೆ ತಾಗುತ್ತಿದ್ದವು. ಆ ಎರಡು ಕಡೆ ಅಂಚನ್ನು ಬಾಗಿಸಿ ತೋಡು ಮಾಡಿದೆ, ನಡುವೆ ಹಾಗೇ ಬಿಟ್ಟೆ. ಅವನೂ ನನಗೊಂದು ವಿಷಯ ಕಲಿಸಿದ. ಕಾಲುಚೀಲದ ಹೊಲಿಗೆ ಒಳಗಿತ್ತು, ಅದರ ಗೆರೆ ಚರ್ಮದ ಮೇಲೆ ಮೂಡುತ್ತಿತ್ತು. "ಅಣ್ಣಾ, ಹೊಲಿಗಿ ಹೊರಗ ಬರ್ಬೇಕು, ಚಪ್ಪಟಿ ಇರ್ಬೇಕು" ಅಂತ ಬನಿಯನ್ ಬಟ್ಟೆಯಲ್ಲಿ ತಾನೇ ಹೊಲಿದು ತಂದ. ಈಗ ನಮ್ಮಲ್ಲಿ ಬರುವ ಹಲವರಿಗೆ ಅವನೇ ಹೊಲಿದುಕೊಡುತ್ತಾನೆ.

ಎಲ್ಲಕ್ಕಿಂತ ಭಯ ಆಗುವುದು ಸಕ್ಕರೆ ಕಾಯಿಲೆಯಿಂದ ಕಾಲು ಕಳೆದುಕೊಂಡವರದು. ಅವರಲ್ಲಿ ಎಷ್ಟೋ ಜನರಿಗೆ ನೋವೇ ಗೊತ್ತಾಗುವುದಿಲ್ಲ. "ಎಲ್ಲಾ ಆರಾಮೈತ್ರಿ" ಅನ್ನುತ್ತಾರೆ, ಬಿಚ್ಚಿದರೆ ಗುಳ್ಳೆ ಎದ್ದಿರುತ್ತದೆ. ಕಂಪ್ಲಿ ಕಡೆಯ ಒಬ್ಬ ಅಕ್ಕನಿಗೆ ಕಣ್ಣೂ ಮಂದ. ಅವರ ಮೆತ್ತೆಯೊಳಗೆ ಬಿಳಿ ಪೌಡರ್ ಸವರಿ, ನಡೆಸಿ, ಪೌಡರ್ ಎಲ್ಲಿ ಒರೆಸಿಹೋಗಿದೆ ಅಂತ ನೋಡಿ ಅಚ್ಚು ತಿದ್ದಿದೆ. ದಿನಾ ರಾತ್ರಿ ಕಾಲು ನೋಡುವ ಕೆಲಸವನ್ನು ಅವರ ಮೊಮ್ಮಗಳಿಗೆ ಒಪ್ಪಿಸಿದ್ದೇನೆ. ಆ ಮಗು ಕನ್ನಡಿ ಹಿಡಿದು ತುದಿಯನ್ನೂ ನೋಡುತ್ತದೆ, ಕೆಂಪು ಕಂಡರೆ ನನಗೆ ಫೋಟೋ ಕಳಿಸುತ್ತದೆ.

ನಿನ್ನೆ ರಾತ್ರಿ ಒಂದು ಬಂತು. ಹೊರಬದಿಯ ಎಲುಬಿನ ಗಂಟಿನ ಮೇಲೆ ಒಂದು ರೂಪಾಯಿ ನಾಣ್ಯದಷ್ಟು ಕೆಂಪು. ಕಾಲು ಹಾಕಬೇಡಿ, ನಾಳೆ ಬನ್ನಿ ಅಂದಿದ್ದೇನೆ. ಅವರ ಅಚ್ಚನ್ನು ಕಪಾಟಿನಿಂದ ಇಳಿಸಿ ಮೇಜಿನ ಮೇಲೆ ಇಟ್ಟಿದ್ದೇನೆ. ಅಲ್ಲಿ ಇನ್ನೂ ಎರಡು ಮಿಲಿಮೀಟರ್ ಪ್ಲಾಸ್ಟರ್ ಮೆತ್ತಬೇಕು.