ಶಿರಸಿ ಮಳೆಗೆ ನಿಂತ ನಮ್ಮನೆ ಗುಲಾಬಿಗಳು

ಗುಲಾಬಿ ಗಿಡ ತಗೊಳ್ಳುವಾಗ ಎಲ್ಲರೂ ಬಣ್ಣ ನೋಡ್ತಾರೆ, ನಾನೂ ಹಾಗೇ ತಗೊಂಡಿದ್ದು. ಆದ್ರೆ ನಮ್ಮ ಶಿರಸಿ ಕಡೆ ವರ್ಷಕ್ಕೆ 2500 ಮಿಲಿಮೀಟರ್ ಆಸುಪಾಸು ಮಳೆ, ಜೂನ್‌ನಿಂದ ಸೆಪ್ಟೆಂಬರ್ ತನಕ ಎಲೆಗೆ ಒಣಗೋಕೇ ಪುರ್ಸೊತ್ತಿಲ್ಲ, ಹಾಗಾಗಿ ಇಲ್ಲಿ ಮೊದ್ಲು ಕೇಳ್ಬೇಕಾದ್ದು ಈ ಗಿಡ ಮಳೆಗಾಲ ದಾಟತ್ತಾ ಅಂತ.

ನಾನು ಮೊದ್ಲು ತಂದಿದ್ದು ಪೀಸ್. ತಿಳಿ ಹಳದಿ ಹೂವು, ಅಂಚಿಗೆ ಗುಲಾಬಿ ಬಣ್ಣ, ಫ್ರಾನ್ಸಿನ ಮೆಯಾಂ ಅನ್ನೋರು ಮಾಡಿದ ತಳಿ, 1945ರಲ್ಲಿ ಮಹಾಯುದ್ಧ ಮುಗಿಯೋ ಹೊತ್ತಿಗೆ ಶಾಂತಿ ಅಂತ ಹೆಸರಿಟ್ರಂತೆ, ಆ ಕಥೆ ಓದಿಯೇ ಆಸೆ ಆಗಿತ್ತು. ಅಂಗಳದ ಬದಿಗೆ ನೆಟ್ಟೆ. ಜುಲೈನಲ್ಲಿ ಮೊಗ್ಗೇನೋ ಬಂತು, ಆದ್ರೆ ಹೊರಗಿನ ದಳ ನೆನೆದು ಕಂದಾಗಿ ಒಂದಕ್ಕೊಂದು ಅಂಟಿಕೊಂಡು ಬಿಡ್ತು, ಒಳಗಿನ ದಳಕ್ಕೆ ಬಿಚ್ಚೋಕೆ ಜಾಗವೇ ಇಲ್ಲ, ಮುಟ್ಟಿದ್ರೆ ಬೆರಳಿಗೆ ಲೋಳೆ. ದಳ ಜಾಸ್ತಿ ಇರೋ ದೊಡ್ಡ ಹೂವಿನ ತಳಿಗಳ ಪಾಡು ನಮ್ಮಲ್ಲಿ ಹೀಗೇ. ಈಗ ಅಂಥವೆಲ್ಲ ಕುಂಡದಲ್ಲಿ, ಮಳೆಗಾಲಕ್ಕೆ ಮಾಡಿನ ಕೆಳಗೆ ಬರ್ತಾವೆ.

ಡಬಲ್ ಡಿಲೈಟ್ ಅಂತ 1977ರ ಒಂದು ತಳಿ ಇದೆ, ಕೆನೆ ಬಣ್ಣದ ದಳಕ್ಕೆ ಕೆಂಪು ಅಂಚು, ಪರಿಮಳ ಜಗಲಿ ತನಕ ಬರತ್ತೆ. ಅದು ಮಾಡಿನಡಿ ಇದ್ದಾಗ ಬರೀ ಕೆನೆ ಬಣ್ಣದ ಹೂ ಬಿಡ್ತು, ಬೇರೆ ಗಿಡ ಕೊಟ್ಟು ಕಳಿಸಿದ್ದಾರೆ ಅಂತ ಮನಸಿಗೆ ತುಂಬಾ ಬೇಜಾರಾಗಿತ್ತು. ಡಿಸೆಂಬರಲ್ಲಿ ಕುಂಡ ಅಂಗಳಕ್ಕೆ ತಂದಿಟ್ಟೆ, ಮುಂದಿನ ಹೂವು ಮೊದಲ್ನೇ ದಿನ ಕೆನೆ, ಮಾರನೇ ದಿನ ಅಂಚಿಗೆ ಕೆಂಪು, ಮೂರನೇ ದಿನಕ್ಕೆ ಅರ್ಧ ಹೂವೇ ಕೆಂಪು. ಬಿಸಿಲು ಬಿದ್ದಷ್ಟೂ ಕೆಂಪು ಏರತ್ತೆ, ಅದರ ಗುಣವೇ ಅದು.

ನೆಲಕ್ಕೆ ಹಾಕೋದಾದ್ರೆ ಐಸ್‌ಬರ್ಗ್ ಹಾಕಿ. ಬಿಳಿ, ಗೊಂಚಲು, ದಳ ಕಮ್ಮಿ, ನೆನೆದ್ರೆ ಉದುರಿ ಹೋಗತ್ತೆ, ಕೊಳೆತು ಕೂರಲ್ಲ. ಬಟನ್ ರೋಸೂ ಹಾಗೇ. ಇನ್ನು ನಮ್ಮ ಊರ ಗುಲಾಬಿ, ಅದಕ್ಕೆ ಹೇಳೋದೇ ಬೇಡ, ಅತ್ತೆ ಮದುವೆಯಾಗಿ ಬಂದಾಗ ತವರಿಂದ ತಂದ ಕೋಲು ಈಗ್ಲೂ ಬಚ್ಚಲ ಹಿಂದೆ ಇದೆ.

ಒಂದು ನಷ್ಟದ ಕಥೆ ಹೇಳ್ಬೇಕು. ಕೆಂಪು ಗ್ಲಾಡಿಯೇಟರ್ ಗಿಡದ ಬುಡದಲ್ಲಿ ಒಂದು ಚಿಗುರು ಎದ್ದು ಎರಡೇ ತಿಂಗಳಲ್ಲಿ ನನ್ನ ಎತ್ತರ ಆಯ್ತು, ಖುಷಿಯಾಗಿ ಗೊಬ್ಬರ ಹಾಕಿ ಬೆಳೆಸ್ದೆ. ಅತ್ತೆ ನೋಡಿ "ತಂಗೀ, ಇದು ನೀ ತಂದ ಗಿಡ ಅಲ್ದೇ, ಬುಡದ್ದು ಚಿಗುರಿದ್ದು, ಕಿತ್ತ್ ಹಾಕು" ಅಂದ್ರು, ನಾ ಕೇಳ್ಲಿಲ್ಲ. ಕೊನೆಗೆ ಬಂದಿದ್ದು ಸಣ್ಣ ಸಣ್ಣ ಬಿಳಿ ಹೂವು, ಅಷ್ಟೊತ್ತಿಗೆ ಮೇಲಿನ ಕೆಂಪು ಗುಲಾಬಿ ಒಣಗಿತ್ತು. ಕಸಿ ಗಿಡ ಅಂದ್ರೆ ಬೇರು ಕಾಡು ಜಾತಿದು, ಮೇಲಿಂದು ಮಾತ್ರ ನಾವು ದುಡ್ಡು ಕೊಟ್ಟ ತಳಿ. ಒಂದು ತೊಟ್ಟಿಗೆ ಏಳು ಎಲೆ ಇದ್ರೆ ಕಾಡುಗಿಡ ಅಂತಾರೆ, ಅದನ್ನೇ ನಂಬ್ಬೇಡಿ, ಮಣ್ಣು ಸರಿಸಿ ಕಸಿ ಗಂಟಿನ ಕೆಳಗಿಂದ ಬಂದಿದ್ಯಾ ನೋಡಿ, ಬಂದಿದ್ರೆ ಬುಡಸಮೇತ ಸಿಗಿದು ತೆಗೀರಿ. ಕತ್ತರಿಸಿದ್ರೆ ಮತ್ತೆ ಬರತ್ತೆ.

ಎಲೆಯ ಕಪ್ಪು ಚುಕ್ಕೆಗೆ ನಮ್ಮಲ್ಲಿ ಮದ್ದು ಮನೇಲೇ ಇರತ್ತೆ. ಅಡಿಕೆಗೆ ಕೊಳೆ ರೋಗದ ಮದ್ದು ಹೊಡೆಯೋ ದಿನ, 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ 1 ಕೆಜಿ ಸುಣ್ಣದ ಲೆಕ್ಕದಲ್ಲಿ ಮಾಡಿದ ಬೋರ್ಡೋ ದ್ರಾವಣದಲ್ಲಿ ಒಂದು ಚೊಂಬು ತಗೊಂಡು ಅಷ್ಟೇ ನೀರು ಸೇರಿಸಿ ಅವತ್ತೇ ಗುಲಾಬಿಗೆ ಹೊಡೀತೀನಿ. ಮೊದ್ಲು ಕತ್ತಿ ಅದ್ದಿ ನೋಡ್ಬೇಕು, ಕಬ್ಬಿಣಕ್ಕೆ ತಾಮ್ರದ ಕೆಂಪು ಹತ್ತಿದ್ರೆ ಸುಣ್ಣ ಸಾಲ್ದು, ಎಲೆ ಸುಡತ್ತೆ. ಉದುರಿದ ಚುಕ್ಕೆ ಎಲೆ ಗಿಡದ ಬುಡದಲ್ಲಿ ಬಿಡ್ಬೇಡಿ, ರೋಗ ಅಲ್ಲೇ ಕೂತಿರತ್ತೆ.

ಚಾಟಣಿ ಮಾಡೋದು ಮಳೆ ಪೂರ್ತಿ ಬಿಟ್ಟ ಮೇಲೆ, ದೀಪಾವಳಿ ಹೊತ್ತಿಗೆ. ಹೊರಕ್ಕೆ ಮುಖ ಮಾಡಿದ ಕಣ್ಣಿನ (ಚಿಗುರು ಒಡೆಯೋ ಜಾಗ) ಸ್ವಲ್ಪ ಮೇಲೆ ಓರೆಯಾಗಿ ಕತ್ತರಿಸಿ ತುದಿಗೆ ಸಗಣಿ ಮೆತ್ತಿದ್ರೆ ಆರೇಳು ವಾರಕ್ಕೆ ಹೂವು. ಈ ಸಲ ಕತ್ತರಿಸಿದ ಊರ ಗುಲಾಬಿ ಕೋಲಲ್ಲಿ ಆರು ಕೊಟ್ಟೆಗೆ, ಅಂದ್ರೆ ಮಣ್ಣು ತುಂಬಿದ ಪ್ಲಾಸ್ಟಿಕ್ ಚೀಲಕ್ಕೆ, ಹಾಕಿದ್ದೆ, ಕುಮಟೆ ಅಕ್ಕನಿಗೆ ಅಂತ. ನಾಲ್ಕು ಚಿಗುರಿದಾವೆ.