ಕಾಪುವಿನ ಪಾರೆಯಿಂದ ಬಲೆ ಬಿಡಿಸಿದ ಬಗೆ

"ಹರಿದ ಬಲೆಗೆ ಕೈಯಿಂದ ದುಡ್ಡು ಹಾಕ್ತೀರಲ್ಲ ಮಾರಾಯ್ರೆ, ಮಂಡೆ ಸಮ ಉಂಟಾ?" ಮಲ್ಪೆ ಬಂದರಿನಲ್ಲಿ ಒಬ್ಬ ತಾಂಡೇಲರು (ಮೀನುಗಾರಿಕೆ ದೋಣಿ ನಡೆಸುವವರು) ಕೇಳಿದ್ದರು. ಕಾಪುವಿನ ಸಮುದ್ರದಡಿಯ ಪಾರೆಗೆ, ಅಂದರೆ ಬಂಡೆಗೆ, ಸಿಕ್ಕಿಕೊಂಡ ಮೀನುಬಲೆಗಳನ್ನು ಡೈವ್ ಮಾಡಿ ಬಿಡಿಸಿ ತರುವುದು ನನ್ನ ಹುಚ್ಚು. ಮೊದಲ ಎರಡು ವರ್ಷ ಉತ್ತರ ನನ್ನಲ್ಲೂ ಇರಲಿಲ್ಲ. ಈಗ ಮೂರನೇ ಸೀಸನ್ ಮುಗಿಯಿತು. ನೆನಪಿನ ಲೆಕ್ಕದಲ್ಲಿ 700-800 ಕೆ.ಜಿ. ಒದ್ದೆ ಬಲೆ ಮೇಲೆ ಬಂದಿದೆ.

ಮೊದಲು ಮಾಡಿದ್ದು ಎಲ್ಲರೂ ಮಾಡುವ ತಪ್ಪು: ಹಗ್ಗ ಕಟ್ಟಿ ದೋಣಿಯಿಂದ ಎಳೆದದ್ದು. ಅರ್ಧ ಬಲೆ ಹರಿದು ಅಲ್ಲೇ ಉಳಿಯಿತು, ಬಂದ ಅರ್ಧದಲ್ಲಿ ಹವಳದ ತುಂಡುಗಳು. ಆಮೇಲೆ 18 ಸಾವಿರ ಕೊಟ್ಟು ದೊಡ್ಡ ಲಿಫ್ಟ್ ಬ್ಯಾಗ್ ತರಿಸಿದೆ, ನೀರಿನಡಿ ಗಾಳಿ ತುಂಬಿ ಭಾರ ಎತ್ತುವ ಚೀಲ. 10 ಮೀಟರ್ ಆಳದಲ್ಲಿ ಅರ್ಧ ಗಾಳಿ ತುಂಬಿದ್ದೆ, ಬಲೆ ತಟ್ಟನೆ ಬಿಟ್ಟುಕೊಂಡಿತು. ಅಷ್ಟು ಆಳದಿಂದ ಮೇಲೆ ಬರುವಾಗ ಗಾಳಿ ಹಿಗ್ಗಿ ಎರಡರಷ್ಟಾಗುತ್ತದೆ ಎಂದು ಡೈವಿಂಗ್ ಕೋರ್ಸಿನ ಪರೀಕ್ಷೆಯಲ್ಲಿ ಸರಿಯಾಗಿಯೇ ಬರೆದಿದ್ದವ ನಾನು! ಕಾಲಿನ ಫಿನ್‌ಗೆ ಬಲೆ ಸುತ್ತಿ ನನ್ನನ್ನೂ ಎತ್ತಿಕೊಂಡು ಹೋಯಿತು. ಜೊತೆಗಾರ ಕತ್ತರಿ ಹಾಕಿದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ಈಗ ಮದುವೆ ಅಡುಗೆಯವರ ಹತ್ತಿರ ಸಿಗುವ 20 ಲೀಟರಿನ ಖಾಲಿ ಎಣ್ಣೆ ಕ್ಯಾನ್ ಸಾಕು. ಒಂದಕ್ಕೆ 30-40 ರೂಪಾಯಿ, ತಳ ಕೊಯ್ದು, ಆ ಬದಿ ಕೆಳಗೆ ಮಾಡಿ ಗಾಳಿ ತುಂಬಿದರೆ 20 ಕೆ.ಜಿ.ಯಷ್ಟು ಎತ್ತುತ್ತದೆ. ಮೊದಲು ಬಲೆಯ ಮೇಲಂಚನ್ನು ತೇಲಿಸುವ ಬೆಂಡಿನ ಹಗ್ಗ ಕತ್ತರಿಸಬೇಕು. ಕೆಳಗೆ ಭಾರಕ್ಕೆ ಕಟ್ಟಿದ ಸೀಸದ ಕಡೆಯಿಂದ ಶುರುಮಾಡಿದರೆ ಬಲೆ ಪರದೆಯ ಹಾಗೆ ಎದ್ದು ನಿಮ್ಮನ್ನೇ ಹಿಡಿಯುತ್ತದೆ. ಬೆಂಡು ಹೋದ ಮೇಲೆ ಮಲಗಿದ ಬಲೆಯನ್ನು ಚಾಪೆಯಂತೆ ಸುತ್ತಿ, ಎರಡು ಮೀಟರಿಗೊಂದು ಕಟ್ಟು ಹಾಕುವುದು. ಸೀಸದ ಹಗ್ಗ ಕೊನೆಗೆ, ಬೇರೆಯಾಗಿ. ಹವಳ ಬೆಳೆದು ಮುಚ್ಚಿದ ಭಾಗವನ್ನು ಸುತ್ತಲೂ ಕತ್ತರಿಸಿ ಅಲ್ಲೇ ಬಿಡುತ್ತೇವೆ. ನೀರಿನ ಸೆಳೆತಕ್ಕೆ ಕ್ಯಾನ್ ಮಗುಚದಂತೆ ಹಾಕುವ ಗಂಟು ಮಾತ್ರ ನನ್ನಲ್ಲೇ ಇರಲಿ. ದೀಪಸ್ತಂಭವನ್ನು ಯಾವ ತೆಂಗಿನ ತೋಪಿಗೆ ನೇರ ಹಿಡಿದರೆ ನಮ್ಮ ಪಾರೆ ಸಿಗುತ್ತದೆ ಎಂಬುದೂ.

ದುಡ್ಡಿನ ವಿಷಯ. ದೋಣಿ, ಡೀಸೆಲ್, ಟ್ಯಾಂಕ್ ಸೇರಿ ಒಂದು ಸಲಕ್ಕೆ 11 ಸಾವಿರದ ಹತ್ತಿರ. ಎರಡು ವರ್ಷದಲ್ಲಿ ಒಂದೂವರೆ ಲಕ್ಷ ನೀರಿಗೇ ಹೋಯಿತು. ಈಗ ಮುರುಡೇಶ್ವರಕ್ಕೆ, ನೇತ್ರಾಣಿ ದ್ವೀಪದ ಡೈವಿಗೆ ಹೊರಟ ಬೆಂಗಳೂರಿನವರನ್ನು ಒಂದು ದಿನ ಕಾಪುವಿನಲ್ಲಿ ನಿಲ್ಲಿಸುತ್ತೇನೆ. ನಾಲ್ಕು ಜನ, ತಲೆಗೆ 3,500. ಮೊದಲ ಡೈವ್ ಅವರ ಖುಷಿಗೆ. ಎರಡನೆಯದರಲ್ಲಿ ನಾವು ಕೆಳಗೆ, ಅವರು ಮೇಲೆ ಕ್ಯಾನ್ ಹಿಡಿಯಲು. ಹೊಸಬರ ಕೈಗೆ ಚೂರಿ ಕೊಡುವುದಿಲ್ಲ. "ಕೆಲಸ ಮಾಡಲಿಕ್ಕೆ ಯಾರು ದುಡ್ಡು ಕೊಡ್ತಾರೆ?" ಎಂದಿದ್ದ ಡೈವಿಂಗ್ ಗೆಳೆಯರೇ ಈಗ ತಮ್ಮ ಗಿರಾಕಿಗಳನ್ನು ಕಳಿಸುತ್ತಾರೆ.

ತಂದ ಬಲೆಯನ್ನು ಏನು ಮಾಡುವುದು? ಗುಜರಿಯವ ಮುಟ್ಟಲಿಲ್ಲ. ಮಟ್ಟುಗುಳ್ಳ ಬದನೆಯ ಗದ್ದೆಗೆ ನವಿಲು ಬಾರದಂತೆ ಕಟ್ಟಲು ಒಬ್ಬರಿಗೆ ಕೊಟ್ಟೆ. ಚಿಪ್ಪು ಕೊಳೆತ ನಾತಕ್ಕೆ ನವಿಲು ಬರಲಿಲ್ಲ ನಿಜ, ಅವರ ಮನೆಯವರೂ ಗದ್ದೆಗೆ ಇಳಿಯಲಿಲ್ಲ. ಈಗ ಇಡೀ ಮಳೆಗಾಲ ತೋಯಿಸಿಯೇ ಕೊಡುವುದು.

ನಿಜವಾಗಿ ಕೆಲಸ ಹಗುರಾದದ್ದು ಸೀಸ, ಹಗ್ಗ, ಬೆಂಡುಗಳನ್ನು ಬಲೆಯವರಿಗೇ ವಾಪಸು ಕೊಡಲು ಶುರುಮಾಡಿದ ಮೇಲೆ. ಅಲ್ಲಿಯವರೆಗೆ ನಾವು ಮುರುಮೀನು ಕದಿಯಲು ಇಳಿಯುವವರೆಂದೇ ಅವರ ಲೆಕ್ಕ. ಈಗ ಬಲೆ ಪಾರೆಗೆ ಸಿಕ್ಕಿಕೊಂಡ ಮರುದಿನವೇ ಅವರಿಂದ ಫೋನ್ ಬರುತ್ತದೆ. ಮೂರ್ನಾಲ್ಕು ದಿನದೊಳಗೆ ಇಳಿದರೆ ಚಿಪ್ಪು ಕೂತಿರುವುದಿಲ್ಲ, ಬಲೆ ಹೆಚ್ಚುಕಡಿಮೆ ಇಡಿಯಾಗಿಯೇ ಬರುತ್ತದೆ.

ಫೆಬ್ರವರಿಯಲ್ಲಿ ಹಾಗೆ ಬಂದ ಒಂದು ಫೋನ್ ಆ ಮಂಡೆ ಸಮದ ತಾಂಡೇಲರದ್ದು. ಡೀಸೆಲಿಗೆಂದು 2,000 ಕೊಟ್ಟರು, ಮೇಲಿಂದ ಒಂದು ಚೀಲ ಬಂಗುಡೆ.