ಡೊಂಬಿವಲಿ ಫ್ಲ್ಯಾಟಿನಲ್ಲೊಂದು ಹಗೇವು

ಪ್ರತಿ ಬೇಸಿಗೆಗೆ ಅಣ್ಣ ಕಲಬುರಗಿಯಿಂದ ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಬಿಳಿ ಜೋಳ, ತೊಗರಿಬೇಳೆ ತರುತ್ತಾನೆ. ಕಲ್ಯಾಣದಲ್ಲಿ ಇಳಿಸಿಕೊಂಡು ಆಟೋದಲ್ಲಿ ಮನೆಗೆ ತರುತ್ತೇವೆ. ಮೊದಲ ವರ್ಷ 20 ಕಿಲೋ ಜೋಳವನ್ನು ಸ್ಟೀಲ್ ಡಬ್ಬಿಗೆ ತುಂಬಿ, ಬೇವಿನ ಸೊಪ್ಪು ಹಾಕಿ, ಮುಚ್ಚಳ ಬಿಗಿದು ನಿಶ್ಚಿಂತೆಯಿಂದ ಇದ್ದೆ. ಜುಲೈನಲ್ಲಿ ಕೈ ಹಾಕಿದರೆ ಕಾಳು ಬೆಚ್ಚಗಿತ್ತು. ಅಂಗೈ ತುಂಬ ಬಿಳಿ ಹಿಟ್ಟು, ಮಣಿಕಟ್ಟಿನ ಮೇಲೆ ನುಸಿ ಹರಿದಾಡುತ್ತಿತ್ತು. ಅಷ್ಟೂ ಜೋಳ ಚೆಲ್ಲಬೇಕಾಯಿತು, ಅವತ್ತು ತುಂಬಾ ಸಂಕಟವಾಯಿತು.

ನುಸಿ ಹೊರಗಿಂದ ಬಂದಿರಲಿಲ್ಲ. ಅದು ಕಾಳನ್ನು ಕೊರೆದು ಒಳಗೇ ಮೊಟ್ಟೆ ಇಡುತ್ತದೆ, ಹಾಗಾಗಿ ಊರಿಂದಲೇ ಜೊತೆಗೆ ಬಂದಿರುತ್ತದೆ. ಮುಂಬೈ ಮಳೆಗಾಲದ ತೇವ ಸಿಕ್ಕರೆ ಕೇಳಬೇಕಾ?

ಆಗ ನೆನಪಾಗಿದ್ದು ನಮ್ಮೂರಿನ ಹಗೇವು. ನೆಲದಲ್ಲಿ ಗುಂಡಿ ತೋಡಿ, ಹುಲ್ಲು ಹಾಸಿ, ಜೋಳ ಸುರಿದು, ಬಾಯಿಗೆ ಮಣ್ಣು ಮೆತ್ತುತ್ತಿದ್ದರು. ಒಳಗಿನ ಆಮ್ಲಜನಕ ತೀರಿದ ಮೇಲೆ ಹುಳ ಬದುಕುವುದಿಲ್ಲ. ಅದಕ್ಕೇ ಹಗೇವು ತೆಗೆದ ಕೂಡಲೇ ಯಾರನ್ನೂ ಇಳಿಸುತ್ತಿರಲಿಲ್ಲ, ಮೊದಲು ದೀಪ ಇಳಿಸಿ ನೋಡುತ್ತಿದ್ದರು. ಮೂರನೇ ಮಹಡಿಯಲ್ಲಿ ಗುಂಡಿ ತೋಡಲು ಆಗುವುದಿಲ್ಲ, ಆದರೆ ಗಾಳಿ ತೆಗೆಯಬಹುದು ಅಲ್ವಾ?

ಈಗ ಮಾಡುವುದು ಹೀಗೆ. ಮೇ ತಿಂಗಳಲ್ಲಿ ಟೆರೇಸಿನ ಮೇಲೆ ಹಳೆ ಸೀರೆ ಹಾಸಿ ಎರಡು ದಿನ ಒಣಗಿಸುತ್ತೇನೆ. ಹಲ್ಲಿಗೆ ಕೊಟ್ಟರೆ ಕಾಳು ಕಟ್ ಅಂತ ಒಡೆಯಬೇಕು, ಚಪ್ಪಟೆಯಾದರೆ ಇನ್ನೂ ಹಸಿ ಇದೆ ಅಂತ. ಬಿಸಿ ಇರುವಾಗಲೇ ತುಂಬಬಾರದು, ಒಳಗೆ ಬೆವರುತ್ತದೆ, ಒಂದು ರಾತ್ರಿ ಆರಲು ಬಿಡಿ. ಆಮೇಲೆ ಅಲ್ಯುಮಿನಿಯಂ ಪದರದ ದಪ್ಪ ಚೀಲಕ್ಕೆ ಐದೈದು ಕಿಲೋ. ಸಾದಾ ಪ್ಲಾಸ್ಟಿಕ್ ಕವರ್ ನಡೆಯುವುದಿಲ್ಲ, ಅದರ ಮೂಲಕ ನಿಧಾನಕ್ಕೆ ಗಾಳಿ ಒಳಗೆ ಹೋಗುತ್ತದೆ. ಚೀಲದೊಳಗೆ ಆಕ್ಸಿಜನ್ ಅಬ್ಸಾರ್ಬರ್ ಪೊಟ್ಟಣ. ಅದರಲ್ಲಿರುವುದು ಕಬ್ಬಿಣದ ಪುಡಿ, ತುಕ್ಕು ಹಿಡಿಯುತ್ತಾ ಆಮ್ಲಜನಕ ಹೀರಿಕೊಳ್ಳುತ್ತದೆ. ಐದು ಕಿಲೋ ಕಾಳಿನ ಸಂದಿಯಲ್ಲಿ ಹೆಚ್ಚುಕಡಿಮೆ ಎರಡೂವರೆ ಲೀಟರ್ ಗಾಳಿ, ಅದರಲ್ಲಿ ಐದನೇ ಒಂದು ಭಾಗ ಆಮ್ಲಜನಕ, ಅಂದರೆ ಸುಮಾರು 500 ಸಿಸಿ (ಮಿಲಿಲೀಟರ್). ಹಾಗಾಗಿ 300 ಸಿಸಿ ಹೀರಬಲ್ಲ ಎರಡು ಪೊಟ್ಟಣ ಸಾಕು. ಚೀಲದ ಬಾಯಿಯನ್ನು ಮಣೆಯ ಮೇಲಿಟ್ಟು ಇಸ್ತ್ರಿ ಪೆಟ್ಟಿಗೆಯಿಂದ ಒತ್ತಿ ಮುಚ್ಚುತ್ತೇನೆ. ಪೊಟ್ಟಣಗಳಿರುವ ಹೊರಗಿನ ಕವರ್ ತೆರೆದ ಮೇಲೆ ಬೇಗ ಕೆಲಸ ಮುಗಿಸಬೇಕು, ಉಳಿದವನ್ನು ಸಣ್ಣ ಗಾಜಿನ ಬಾಟಲಿಗೆ ಹಾಕಿ ಬಿಗಿಯಾಗಿ ಮುಚ್ಚಿಡಬೇಕು.

ಮರುದಿನ ಚೀಲ ಒಳಕ್ಕೆ ಎಳೆದುಕೊಂಡಿರುತ್ತದೆ, ಮೇಲಿಂದ ಸವರಿದರೆ ಒಂದೊಂದು ಕಾಳೂ ಬೆರಳಿಗೆ ಸಿಗುತ್ತದೆ. ಸಡಿಲವಾಗಿದ್ದರೆ ಎಲ್ಲೋ ಸೋರುತ್ತಿರಬಹುದು. ಇಲಿ ಕಡಿಯದಂತೆ ಚೀಲಗಳನ್ನೆಲ್ಲ ಡ್ರಮ್ಮಿಗೆ ಹಾಕಿ, ಗೋಡೆಗೆ ತಾಗದಂತೆ ಹಲಗೆಯ ಮೇಲೆ ಇಡುತ್ತೇನೆ.

ಬೇಳೆಗೂ ಅಕ್ಕಿಗೂ ಇದೇ ಕ್ರಮ. ಸಕ್ಕರೆ, ಉಪ್ಪಿಗೆ ಪೊಟ್ಟಣ ಬೇಡ, ಕಲ್ಲಾಗುತ್ತವೆ. ಶೇಂಗಾ, ಪಾಲಿಶ್ ಮಾಡದ ಅಕ್ಕಿಯಲ್ಲಿ ಎಣ್ಣೆ ಜಾಸ್ತಿ, ಬೇಗ ಕಮಟುತ್ತವೆ, ಅವನ್ನು ಕೂಡಿಡುವುದಿಲ್ಲ. ಅಕ್ಕಿಗೆ ಪಾರದ ಗುಳಿಗೆ ಹಾಕು ಅಂತ ಯಾರಾದರೂ ಹೇಳಿದರೆ ದಯವಿಟ್ಟು ಕೇಳಬೇಡಿ, ಪಾದರಸ ವಿಷ.

ಹಿಟ್ಟು ಮಾಡಿಸಿ ಮಾತ್ರ ಇಡಬೇಡಿ. ಹಿಟ್ಟು ಹಳೆಯದಾದರೆ ಜಿಗಿ ಹೋಗಿ ರೊಟ್ಟಿ ತಟ್ಟುವಾಗ ಅಂಚು ಬಿರಿಯುತ್ತದೆ. ಒಂದು ಚೀಲ ಒಡೆದರೆ ಎರಡೆರಡು ಕಿಲೋ ಗಿರಣಿಗೆ ಒಯ್ಯುತ್ತೇನೆ. ಹೋದ ಸಲ ದೀಪಾವಳಿಗೆ ಒಡೆದ ಚೀಲದ ಜೋಳಕ್ಕೆ ಇನ್ನೂ ಹೊಲದ ವಾಸನೆಯಿತ್ತು.